ಇಂಜಿನ್ನಿನ ಒಳಗಿನ ಟಿಕ್ ಟಿಕ್

ಇವತ್ತು ನಾವು ಬೈಕಿನ ಮಾತು ಆಡೋಣ. ಬೈಕು ಗಂಡಸರ ವಿಷಯ, ನಮಗ್ಯಾಕೆ ಅಂತ ನಗಬೇಡಿ. ಡೈರಿಗೆ ಹಾಲಿನ ಕ್ಯಾನು ಹೋಗುವುದು ಯಾವುದರ ಮೇಲೆ? ಸಂತೆಗೆ ಸೊಪ್ಪಿನ ಗಂಟು ಹೋಗುವುದು ಯಾವುದರ ಮೇಲೆ? ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಯಾವುದರಲ್ಲಿ ಓಡುತ್ತೇವೆ? ಬೈಕು ನಿಂತರೆ ನಮ್ಮ ಮನೆಯ ಕೆಲಸವೇ ನಿಲ್ಲುತ್ತದೆ. ರಿಪೇರಿಯ ದುಡ್ಡೂ ನಮ್ಮ ಹಾಲಿನ ದುಡ್ಡೇ, ಸಂಘದ ಸಾಲವೇ. ಹಾಗಾದರೆ ಇದು ನಮ್ಮ ವಿಷಯ ಹೌದೋ ಅಲ್ಲವೋ?

ಗಾಡಿ ಷೆಡ್ಡಿಗೆ ಹೋಗುತ್ತದೆ. "ಇಂಜಿನ್ ಹೋಗಿದೆ ಅಕ್ಕಾ, ಪೂರಾ ಬಿಚ್ಚಬೇಕು" ಅನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಏನು ಹೋಯಿತು? ಏನು ಹಾಕಿದರು? ಚೀಟಿಯಲ್ಲಿ ಏನು ಬರೆದಿದೆ? ಕೇಳುವುದಿಲ್ಲ. ಕೇಳಬೇಕಾದರೆ ತಿಳಿದಿರಬೇಕು. ತಿಳಿಯಬೇಕಾದರೆ ಓದಬೇಕು. ಈಗ ನಾವು ಓದಬಲ್ಲೆವು.

ಇಂಜಿನ್ ಅಂದರೆ ಏನು? ಅದೂ ನಮ್ಮ ಹಾಗೆ ಉಸಿರಾಡುತ್ತದೆ. ಅದಕ್ಕೆ ಎರಡು ಬಾಗಿಲು ಇವೆ. ಒಂದು ಬಾಗಿಲಿನಿಂದ ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ. ಇನ್ನೊಂದರಿಂದ ಸುಟ್ಟ ಹೊಗೆ ಹೊರಗೆ ಹೋಗುತ್ತದೆ. ಈ ಬಾಗಿಲಿಗೆ ವಾಲ್ವ್ ಅನ್ನುತ್ತಾರೆ. ಸರಿಯಾದ ಹೊತ್ತಿಗೆ ಬಾಗಿಲು ತೆರೆಯುವುದು ಕ್ಯಾಮ್ ಶಾಫ್ಟ್. ಅದು ಗೇಣಿಗಿಂತ ಚಿಕ್ಕದಾದ ಒಂದು ಲೋಹದ ಸಲಾಕೆ. ಮೈಮೇಲೆ ಮೊಟ್ಟೆಯಾಕಾರದ ಎರಡು ಉಬ್ಬು. ಅದು ತಿರುಗಿದಾಗ ಉಬ್ಬು ಬಂದು ರಾಕರ್ ಅನ್ನು ಎತ್ತುತ್ತದೆ. ರಾಕರ್ ನಮ್ಮ ಏತದ ಮರದ ಹಾಗೆ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿ ಕೆಳಗೆ ಒತ್ತುತ್ತದೆ. ಬಾಗಿಲು ತೆರೆಯುತ್ತದೆ.

ಕ್ಯಾಮ್ ಶಾಫ್ಟ್ ತಿರುಗಿಸುವುದು ಟೈಮಿಂಗ್ ಚೈನು. ಕೆಳಗಿನ ಕ್ರ್ಯಾಂಕು 2 ಸುತ್ತು ತಿರುಗಿದರೆ ಮೇಲಿನ ಕ್ಯಾಮ್ 1 ಸುತ್ತು ತಿರುಗುತ್ತದೆ. ಈ ಲೆಕ್ಕ ತಪ್ಪಬಾರದು.

ಹಿಂದೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಬೈಕು ಆಗುತ್ತಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳಿಗೆ ಕ್ಯಾಮ್ ಶಾಫ್ಟ್ ಇರಲೇ ಇಲ್ಲ. ಅವು ಟೂ ಸ್ಟ್ರೋಕ್ ಗಾಡಿ. ಹೆಚ್ಚಾಗಿ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುತ್ತಿದ್ದರು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. 1994ರಲ್ಲಿ ಸ್ಪ್ಲೆಂಡರ್ ಬಂತು. ಇವು ಫೋರ್ ಸ್ಟ್ರೋಕ್. ಇವಕ್ಕೆ ಎಣ್ಣೆ ಬೇರೆಯೇ ಇರುತ್ತದೆ, ಇಂಜಿನ್ನಿನ ಹೊಟ್ಟೆಯಲ್ಲಿ. ಅದು ಸುಮಾರು 1 ಲೀಟರು. ಆ ಎಣ್ಣೆ ಕಡಿಮೆಯಾದರೆ ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಮೇಲಿರುವ ಕ್ಯಾಮ್ ಒಂದು. ಕೀಲೆಣ್ಣೆ ಕಾಣದ ಎತ್ತಿನ ಗಾಡಿಯ ಅಚ್ಚು ಹೇಗೆ ಸವೆಯುತ್ತದೆಯೋ, ಹಾಗೇ ಇದೂ ಸವೆಯುತ್ತದೆ.

ಸವೆದರೆ ಹೇಗೆ ಗೊತ್ತಾಗುತ್ತದೆ? ಇಂಜಿನ್ ತಲೆಯಲ್ಲಿ ಟಿಕ್ ಟಿಕ್ ಸದ್ದು. ದಿಬ್ಬ ಹತ್ತಲು ಬಲ ಇಲ್ಲ. ಎಷ್ಟು ಕಿಕ್ ಹೊಡೆದರೂ ಬೇಗ ಸ್ಟಾರ್ಟ್ ಆಗುವುದಿಲ್ಲ. ಆದರೆ ಕೇಳಿ. ಟಿಕ್ ಟಿಕ್ ಅಂದ ಕೂಡಲೆ ಕ್ಯಾಮ್ ಕೊಳ್ಳಬೇಡಿ. ಟ್ಯಾಪೆಟ್ ಸಡಿಲವಾದರೂ ಅದೇ ಸದ್ದು ಬರುತ್ತದೆ. ಮೊದಲು ಟ್ಯಾಪೆಟ್ ಸರಿ ಮಾಡಿ ನೋಡಬೇಕು. ಅದಕ್ಕೆ ಖರ್ಚು ಬಹಳ ಕಡಿಮೆ.

ಕ್ಯಾಮ್ ನಿಜವಾಗಿ ಸವೆದಿದ್ದರೆ ಮನೆಯಲ್ಲೇ ಬದಲಾಯಿಸಬಹುದೇ? ಬದಲಾಯಿಸಬಹುದು. ಒಬ್ಬರು ಬಿಚ್ಚಲಿ, ಒಬ್ಬರು ಪುಸ್ತಕ ಓದಲಿ. ಗಾಡಿಯಿಂದ ಗಾಡಿಗೆ ಬಿಚ್ಚುವ ಕ್ರಮ ಬೇರೆ. ಆದ್ದರಿಂದ ನಿಮ್ಮ ಗಾಡಿಯ ರಿಪೇರಿ ಪುಸ್ತಕವೇ ಬೇಕು. ಕ್ರಮ ಸ್ಥೂಲವಾಗಿ ಹೀಗಿದೆ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಹೊರಗಿನ ಮಣ್ಣು ಒರೆಸಿ. ಪ್ಲಗ್ಗು ತೆಗೆಯಿರಿ. ಒಂದು ಬಿಳಿ ಬಟ್ಟೆ ಹಾಸಿ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಸಾಲಿನಲ್ಲೇ ಅದರ ಮೇಲೆ ಇಡಿ.

ಇಂಜಿನ್ ಪಕ್ಕದ ಮುಚ್ಚಳ ತೆಗೆದರೆ ಮ್ಯಾಗ್ನೆಟ್ ಕಾಣುತ್ತದೆ. ಅದರ ಮೇಲೆ ಇಂಗ್ಲಿಷಿನ 'ಟಿ' ಅಕ್ಷರವೂ ಒಂದು ಗೆರೆಯೂ ಇರುತ್ತವೆ. ಮ್ಯಾಗ್ನೆಟ್ ನಿಧಾನ ತಿರುಗಿಸಿ. ಆ ಗೆರೆ ಎದುರಿನ ಗುರುತಿಗೆ ಕೂಡಿಕೊಳ್ಳಲಿ. ಆಗ ಎರಡು ರಾಕರೂ ಕೈಗೆ ಸ್ವಲ್ಪ ಅಲುಗಬೇಕು. ಅಲುಗದಿದ್ದರೆ ಇನ್ನೂ 1 ಪೂರ್ತಿ ಸುತ್ತು ತಿರುಗಿಸಿ. ಮೇಲಿನ ಹಲ್ಲುಚಕ್ರದ ಗುರುತನ್ನೂ ನೋಡಿ ಬರೆದುಕೊಳ್ಳಿ.

ಆಮೇಲೆ ಚೈನು ಬಿಗಿಯುವ ಟೆನ್ಷನರ್ ಸಡಿಲಿಸಿ. ಚೈನು ಇಳಿಯುವ ಗುಂಡಿಗೆ ಬಟ್ಟೆ ತುರುಕಿ. ಬೋಲ್ಟು ಒಳಗೆ ಬಿದ್ದರೆ ದೊಡ್ಡ ತಾಪತ್ರಯ. ಹಲ್ಲುಚಕ್ರ ತೆಗೆದು, ಚೈನು ಜಾರದ ಹಾಗೆ ತಂತಿಯಿಂದ ಮೇಲೆ ಕಟ್ಟಿ. ಆಮೇಲೆ ಪುಸ್ತಕ ಹೇಳಿದ ಹಾಗೆ ರಾಕರ್ ಬಿಡಿಸಿ ಕ್ಯಾಮ್ ಹೊರಗೆ ತೆಗೆಯಿರಿ. ಹೆಡ್ಡಿನ ನಟ್ಟು ಸಡಿಲಿಸಬೇಕಾಗಿ ಬಂದರೆ ಒಂದೇ ಸಲ ಬಿಚ್ಚಬೇಡಿ. ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ.

ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ. ಉಬ್ಬಿನ ಮೇಲೆ ಗುಳಿ, ಗೀರು ಇದೆಯೇ? ರಾಕರಿನ ಮುಖವನ್ನೂ ನೋಡಿ. ಅದೂ ಸವೆದಿದ್ದರೆ ಅದನ್ನೂ ಬದಲಾಯಿಸಬೇಕು. ಹಳೆ ರಾಕರು ಹೊಸ ಕ್ಯಾಮನ್ನು ತಿಂದುಹಾಕುತ್ತದೆ. ಕ್ಯಾಮ್ ಕೂರುವ ಜಾಗವೇ ಸವೆದಿದ್ದರೆ ಮನೆಯಲ್ಲಿ ಆಗುವ ಕೆಲಸ ಅಲ್ಲ. ಆಗ ತಿಳಿದವರ ಹತ್ತಿರ ಹೋಗಬೇಕು.

ಹೊಸದನ್ನು ಕೊಳ್ಳುವಾಗ ಪೊಟ್ಟಣ ಓದಿ. ಅದರ ಮೇಲಿನ ನಂಬರು ನಿಮ್ಮ ಗಾಡಿಯದೇ? ಬೆಲೆಯೂ ಅಲ್ಲೇ ಅಚ್ಚಾಗಿರುತ್ತದೆ.

ಹೊಸ ಕ್ಯಾಮಿನ ಉಬ್ಬಿಗೆ ಇಂಜಿನ್ ಎಣ್ಣೆ ಸವರಿ ಕೂರಿಸಿ. ಮೇಲಿನ ಗುರುತು, ಕೆಳಗಿನ ಗುರುತು ಎರಡೂ ಕೂಡಿರಬೇಕು. ಬೋಲ್ಟು ಎಷ್ಟು ಬಿಗಿಯಬೇಕು ಅಂತ ಪುಸ್ತಕದಲ್ಲಿದೆ. ಅದಕ್ಕೆ ಟಾರ್ಕ್ ಪಾನಾ ಬೇಕು. ಗುಂಡಿಯ ಬಟ್ಟೆ ತೆಗೆದು, ಟೆನ್ಷನರ್ ಬಿಗಿಯಿರಿ. ಈಗ ಕಿಕ್ ಹೊಡೆಯಬೇಡಿ! ಮೊದಲು ಮ್ಯಾಗ್ನೆಟ್ಟನ್ನು ಕೈಯಿಂದ 2 ಸುತ್ತು ನಿಧಾನ ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ನಿಲ್ಲಿಸಿ. ಒಂದು ಹಲ್ಲು ತಪ್ಪಿರಬಹುದು. ಹಾಗೇ ಸ್ಟಾರ್ಟ್ ಮಾಡಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿದು ಬಾಗಬಹುದು. ಸರಾಗವಾಗಿ ತಿರುಗಿದರೆ ಗುರುತು ಮತ್ತೊಮ್ಮೆ ನೋಡಿ.

ಆಮೇಲೆ ಟ್ಯಾಪೆಟ್. ಅಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು. ಅಳೆಯಲು ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿವೆ. ಪ್ರತಿ ಪಟ್ಟಿಯ ಮೇಲೂ ಅಂಕಿ ಇದೆ. ಪುಸ್ತಕದ ಅಂಕಿಯೂ ಪಟ್ಟಿಯ ಅಂಕಿಯೂ ಒಂದೇ ಆಗಬೇಕು. ಇದು ಇಂಜಿನ್ ತಣ್ಣಗಿದ್ದಾಗಲೇ ಮಾಡುವ ಕೆಲಸ.

ಕೊನೆಗೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ. ಎಣ್ಣೆ ಸೋಸುವ ಜಾಲರಿ ತೊಳೆದು ಹೊಸ ಎಣ್ಣೆ ತುಂಬಿ. ಇಷ್ಟು ಮಾಡದಿದ್ದರೆ ಹೊಸ ಕ್ಯಾಮೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಅಕ್ಕಂದಿರೇ, ನಮ್ಮಲ್ಲಿ ಎಲ್ಲರೂ ಇಂಜಿನ್ ಬಿಚ್ಚಲೇಬೇಕು ಅಂತಲ್ಲ. ಷೆಡ್ಡಿಗೇ ಕೊಡಿ, ತಪ್ಪಿಲ್ಲ. ಆದರೆ ಮೂರು ಮಾತು ಕೇಳಿ. ಟ್ಯಾಪೆಟ್ ನೋಡಿದಿರಾ? ಹಳೆಯ ಸಾಮಾನು ಎಲ್ಲಿ? ಚೀಟಿ ಕೊಡುತ್ತೀರಾ? ಕೇಳುವವರು ಇದ್ದರೆ ಮಾಡುವವರೂ ಸರಿಯಾಗಿ ಮಾಡುತ್ತಾರೆ.

ನಾಳೆ ಬೆಳಿಗ್ಗೆ ಹಾಲು ಹಾಕುವ ಮೊದಲು ಒಂದು ಕೆಲಸ ಮಾಡೋಣ. ಇಂಜಿನ್ ಎಣ್ಣೆಯ ಕಡ್ಡಿ ತೆಗೆದು ನೋಡೋಣ. ಅದರ ಮೇಲೆ ಎರಡು ಗೆರೆ ಇವೆ. ಎಣ್ಣೆ ಆ ಎರಡರ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಇಳಿದಿದ್ದರೆ ಅವತ್ತೇ ಎಣ್ಣೆ ತರಿಸೋಣ. ಕ್ಯಾಮಿಗಿಂತ ಎಣ್ಣೆ ಅಗ್ಗ.