ಬಚ್ಚಿಟ್ಟ ಮಾತ್ರೆ, ಬಚ್ಚಿಟ್ಟ ದನಿ



ಹೋದ ರಾಜ್ಯೋತ್ಸವದ ಸಂಜೆ ನಮ್ಮ ಮಾರೇನಹಳ್ಳಿಯ ಬೀದಿಯಲ್ಲಿ ಶಾಮಿಯಾನ ಹಾಕಿದ್ದರು. ಹದಿನಾರರ ಹುಡುಗಿಯೊಬ್ಬಳು ಭಾಷಣಕ್ಕೆ ಹೆಸರು ಕೊಟ್ಟಿದ್ದಳು. ಮೈಕಿನಲ್ಲಿ ಹೆಸರು ಕೂಗಿದಾಗ ಅವಳು ವೇದಿಕೆಯ ಹಿಂದೆ, ಪ್ಲಾಸ್ಟಿಕ್ ಕುರ್ಚಿಗಳ ರಾಶಿಯ ಪಕ್ಕದಲ್ಲಿ ನಿಂತು, ಜಾಮಿಟ್ರಿ ಬಾಕ್ಸಿನಿಂದ ಒಂದು ಮಾತ್ರೆ ತೆಗೆದು ನುಂಗುತ್ತಿದ್ದಳು. ಗೆಳತಿ ಕೊಟ್ಟದ್ದಂತೆ. ಗೆಳತಿಗೆ ಅವಳ ಅಜ್ಜಿಯ ಡಬ್ಬಿಯಲ್ಲಿ ಸಿಕ್ಕಿದ್ದಂತೆ. ಕತ್ತರಿಯಿಂದ ಕತ್ತರಿಸಿದ ಶೀಟು. ಅದರ ಮೇಲೆ ಔಷಧದ ಹೆಸರಿಲ್ಲ, ಅವಧಿ ಮುಗಿಯುವ ತಾರೀಖಿಲ್ಲ. ಆ ಸಂಜೆ ಅವಳು ಮಾತಾಡಲಿಲ್ಲ. ಅಮ್ಮನ ಹೆಗಲಿಗೊರಗಿ ತೂಕಡಿಸಿದಳು. ಪಾಪ, ನಾಚಿಕೆ ಹುಡುಗಿ ಎಂದರು ಎಲ್ಲರೂ.

ಅವಳು ಬರೆದಿದ್ದ ಹಾಳೆಯನ್ನು ನಾನು ಆಮೇಲೆ ಓದಿದೆ. ವೃಷಭಾವತಿಯ ಬಗ್ಗೆ ಬರೆದಿದ್ದಳು. ನಮ್ಮ ಪಶ್ಚಿಮ ಬೆಂಗಳೂರಿನ ಹೊಳೆ ಮೈಸೂರು ರಸ್ತೆಯ ಪಕ್ಕದಲ್ಲಿ, ಕೆಂಗೇರಿಯ ದಾರಿಯಲ್ಲಿ ಮೂಗು ಮುಚ್ಚಿಸುವ ಮೋರಿಯಾಗಿ ಹರಿಯುತ್ತಿರುವಾಗ ನಾವು ಬಸ್ಸಿನ ಕಿಟಕಿ ಎಳೆದುಕೊಂಡು ಸುಮ್ಮನೆ ಕೂರುವುದೇಕೆ ಎಂದು ಆ ಮಗು ಕೇಳಿತ್ತು. ಈ ಪ್ರಶ್ನೆಯನ್ನು ಆ ಸಂಜೆ ಯಾರೂ ಕೇಳಿಸಿಕೊಳ್ಳಲಿಲ್ಲ. ಇಂಥ ಎಷ್ಟು ಹಾಳೆಗಳು ನಮ್ಮ ಮನೆಗಳ ಪುಸ್ತಕಗಳ ನಡುವೆ ಮಡಚಿ ಕೂತಿವೆ? ಎಷ್ಟು ಹಾಡುಗಳು ಬಚ್ಚಲುಮನೆಯ ಬಾಗಿಲು ದಾಟಿಲ್ಲ? ಕೊನೆಯ ಬೆಂಚಿನಲ್ಲಿ ಸರಿಯುತ್ತರ ಗೊತ್ತಿದ್ದೂ ಎಷ್ಟು ಕೈಗಳು ಮೇಲೇಳಲಿಲ್ಲ? ಆ ಕೈಗಳು ಈ ನಾಡಿನವು. ಈ ನಾಡಿಗೆ ಬೇಕಾದವು.

ಸಂಕೋಚ ಯಾರಿಗಿಲ್ಲ? ನಾಲ್ಕು ಮಾತಾಡಿದ ಮೇಲೆ ಅದು ತಾನಾಗಿ ಕರಗುತ್ತದೆ. ಆದರೆ ಹಾಜರಿ ಕೂಗುವಾಗ ಉತ್ತರಿಸಲು ಗಂಟಲು ಕಟ್ಟಿ, ಸೆಮಿನಾರಿಗೆ ವಾರ ಮೊದಲೇ ನಿದ್ದೆ ಕೆಟ್ಟು, ಮದುವೆಮನೆಯೆಂದರೆ ಹೊಟ್ಟೆ ತೊಳಸಿ, ಎಲ್ಲರೂ ನನ್ನನ್ನೇ ನೋಡಿ ಆಡಿಕೊಳ್ಳುತ್ತಾರೆಂಬ ಭಯ ತಿಂಗಳುಗಟ್ಟಲೆ ಬೆನ್ನು ಬಿಡದೆ ಓದನ್ನೂ ಸ್ನೇಹವನ್ನೂ ತಿನ್ನತೊಡಗಿದರೆ, ಅದು ನಿಮ್ಮ ಸ್ವಭಾವದ ದೋಷವಲ್ಲ. ಅದು ಸಾಮಾಜಿಕ ಆತಂಕದ ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ನೀವು ಒಬ್ಬರೇ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು! ಆತಂಕದ ಕಾಯಿಲೆಗಳದ್ದು ಅದರಲ್ಲಿ ದೊಡ್ಡ ಪಾಲು.

ನಿಮ್ಹಾನ್ಸ್ ಎಂದ ಕೂಡಲೇ ನಮ್ಮೂರಿನಲ್ಲಿ ಈಗಲೂ ಕೆಲವರು ನಗುತ್ತಾರೆ. ಆ ಹೆಸರನ್ನು ಬೈಗುಳ ಮಾಡಿಕೊಂಡ ಊರು ನಮ್ಮದು. 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ಮುಂದಾಳುತನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974ರಲ್ಲಿ ನಿಮ್ಹಾನ್ಸ್ ಆದ ಆ ಆಸ್ಪತ್ರೆಗೆ ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬರುತ್ತಾರೆ. ನಾವು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದರೆ ಸಾಕು. ಅಲ್ಲಿ ದುಡಿದ, ಚನ್ನಪಟ್ಟಣ ಮೂಲದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ನೂರಾರು ಪುಸ್ತಕ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟೆಲ್ಲ ತಿಳಿವು ನಮ್ಮದೇ ನುಡಿಯಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿ ಇರುವಾಗ ನಾವು ಅಜ್ಜಿಯ ಡಬ್ಬಿಗೆ ಕೈಹಾಕುವುದೇ?

ಮಾತ್ರೆಗೆ ಹೆದರಬೇಡಿ. ಬಚ್ಚಿಟ್ಟ ಮಾತ್ರೆಗೆ ಹೆದರಿ.

ಎಳೆಯರ ಈ ಆತಂಕಕ್ಕೆ ಮೊದಲ ಮದ್ದು ಮಾತಿನ ಚಿಕಿತ್ಸೆ. ಅದು ಸಾಲದಾದಾಗ, ಅಥವಾ ಭಯ ತೀರಾ ಹೆಚ್ಚಿದ್ದಾಗ ಮನೋವೈದ್ಯರು ಮಾತ್ರೆ ಬರೆಯುತ್ತಾರೆ. ಸಾಮಾನ್ಯವಾಗಿ ಫ್ಲುವೊಕ್ಸೆಟಿನ್, ಸರ್ಟ್ರಲಿನ್, ಎಸಿಟಲೊಪ್ರಾಮ್‌ನಂಥವು. ಇವು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ರಾಗಿ ಬಿತ್ತಿದ ಮರುದಿನ ಯಾರಾದರೂ ತೆನೆ ಹುಡುಕುತ್ತಾರೆಯೇ? ಗುಣ ಕಾಣಲು ಕೆಲವು ವಾರ ಬೇಕು, ಪೂರ್ತಿ ಫಲಕ್ಕೆ ಎರಡು ಮೂರು ತಿಂಗಳೂ ಬೇಕಾದೀತು. ಮೊದಮೊದಲು ಹೊಟ್ಟೆ ತೊಳಸಬಹುದು, ತಲೆ ನೋಯಬಹುದು, ನಿದ್ದೆ ಏರುಪೇರಾಗಬಹುದು. ಬಹಳ ಮಂದಿ ಈ ಹಂತದಲ್ಲೇ, ಯಾರಿಗೂ ಹೇಳದೆ, ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಚೆನ್ನಾಗಿದ್ದೇನೆ ಅನ್ನಿಸಿದಾಗಲೂ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಶುರುವಾಗಿ ಹಳೆಯ ಭಯ ಮರಳಿ ಬರಬಹುದು. ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ, ಮೆಟ್ಟಿಲಿಳಿದಂತೆ ನಿಧಾನವಾಗಿ.

ಒಂದು ಮಾತನ್ನು ನಿಮ್ಮೆಲ್ಲರ ಅಪ್ಪ-ಅಮ್ಮಂದಿರೂ ಕೇಳಿಸಿಕೊಳ್ಳಲಿ. ಈ ಮಾತ್ರೆಗಳನ್ನು ಶುರು ಮಾಡಿದ ಮೊದಲ ವಾರಗಳಲ್ಲಿ, ಪ್ರಮಾಣ ಬದಲಿಸಿದ ದಿನಗಳಲ್ಲಿ, ಕೆಲವು ಎಳೆಯರಲ್ಲಿ ಚಡಪಡಿಕೆ ಹೆಚ್ಚಿ ಸಾಯುವ ಯೋಚನೆ ಸುಳಿಯಬಹುದು. 2004ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಅಚ್ಚು ಹಾಕುವಂತೆ ಆದೇಶಿಸಿತು. ಹೀಗಾಗುವವರು ಕೆಲವರೇ. ಆದರೂ ಆ ವಾರಗಳಲ್ಲಿ ಮನೆಯ ಒಬ್ಬರಾದರೂ ನಿಮ್ಮ ಜೊತೆಗಿರಬೇಕು, ದಿನಾ ಕೇಳಬೇಕು. ಅಂಥ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಎಬ್ಬಿಸಿ, ಆಗಲೇ ಹೇಳಿ.

ಇನ್ನು ಆ ಡಬ್ಬಿಯ ಮಾತ್ರೆ. ಆಲ್‌ಪ್ರಜೊಲಾಮ್, ಡಯಜೆಪಾಮ್ ಎಂಬ ಜಾತಿಯವು ಅರ್ಧಗಂಟೆಯಲ್ಲಿ ಎದೆಬಡಿತವನ್ನು ತಣಿಸುತ್ತವೆ. ಅದೇ ಅವುಗಳ ಆಮಿಷ, ಅದೇ ಅಪಾಯ. ಇಂದು ಒಂದಕ್ಕೆ ಅಡಗಿದ ಭಯ ಕೆಲವೇ ವಾರಗಳಲ್ಲಿ ಎರಡು ಕೇಳುತ್ತದೆ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಸ್ಕೂಟರ್ ಓಡಿಸುವಾಗ ಕಣ್ಣು ಎಳೆಯುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ಕುಗ್ಗಬಹುದು. ಅಭ್ಯಾಸವಾದ ಮೇಲೆ ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು. ಅದಕ್ಕಾಗಿಯೇ 2014ರಿಂದ ಇವೆರಡೂ ಔಷಧ ನಿಯಮಗಳ ಎಚ್-1 ಪಟ್ಟಿಯಲ್ಲಿವೆ: ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವಂತಿಲ್ಲ, ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಗೆಳತಿ ಪ್ರೀತಿಯಿಂದಲೇ ಕೊಟ್ಟಿರಬಹುದು. ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. ವೇದಿಕೆಯ ನಡುಕಕ್ಕೆಂದು ಕೈಯಿಂದ ಕೈಗೆ ಓಡಾಡುವ ಪ್ರೊಪ್ರನೊಲಾಲ್ ಕೂಡ ಬೇಡ. ನಮ್ಮ ಬೆಂಗಳೂರಿನ ಧೂಳಿಗೆ ಎಷ್ಟೋ ಮಕ್ಕಳ ಬ್ಯಾಗಿನಲ್ಲಿ ಇನ್ಹೇಲರ್ ಇದೆ, ಉಬ್ಬಸ ಇರುವವರಿಗೆ ಅದು ಪ್ರಾಣಾಪಾಯ ತಂದೀತು.

ಮಾತ್ರೆ ಎದೆಬಡಿತ ಇಳಿಸೀತು, ಮಾತಾಡಬೇಕಾದವರು ನೀವೇ. ಮನಶ್ಶಾಸ್ತ್ರಜ್ಞರು ನಿಮ್ಮ ಜೊತೆ ಕೂತು ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಸುತ್ತಾರೆ. ಈ ವಾರ ಕಂಡಕ್ಟರನ್ನು ದಾರಿ ಕೇಳುವುದು. ಮುಂದಿನ ವಾರ ದರ್ಶಿನಿಯಲ್ಲಿ ಇನ್ನೊಂದಿಷ್ಟು ಚಟ್ನಿ ಕೇಳುವುದು. ಆಮೇಲೆ ತರಗತಿಯಲ್ಲಿ ಒಂದು ಪ್ರಶ್ನೆ. ಭಯದಿಂದ ಓಡದೆ ಅದರೊಳಗೆ ಸ್ವಲ್ಪ ಹೊತ್ತು ನಿಂತರೆ ಅದು ತಾನೇ ಇಳಿಯುತ್ತದೆ ಎಂಬುದನ್ನು ಮೈ ಕಲಿಯುತ್ತದೆ. ನಾಡು ಕಟ್ಟುವ ಮಾತು ಚಟ್ನಿಯಿಂದ ಶುರುವಾಗಬಾರದೇ? ಶುರುವಾಗಲಿ!

ಯಾರಿಗೆ ಮೊದಲು ಹೇಳುವುದೆಂದು ತೋಚದಿದ್ದರೆ 14416 ಒತ್ತಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಅದು. ಹಗಲಿರಲಿ ಇರುಳಿರಲಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ಮುಖ ತೋರಿಸಬೇಕಿಲ್ಲ. ಕಾಲೇಜಿಗೆ ಗೊತ್ತಾದೀತು ಎಂಬ ಅಳುಕೇ? ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಕೊಟ್ಟಿದೆ. 18 ತುಂಬುವ ತನಕ ಅಪ್ಪನೋ ಅಮ್ಮನೋ ಜೊತೆಗಿರಬೇಕು, ನಿಜ. ಇರಲಿ. ಮಾತ್ರೆ ಅವರ ಕೈಯಲ್ಲಿರಲಿ, ಬೀರುವಿನೊಳಗೆ, ಹೆಸರು ತಾರೀಖು ಕಾಣುವ ಪೂರ್ತಿ ಶೀಟಿನಲ್ಲಿ.

ಆ ಹುಡುಗಿ ಈಗ ಅಮ್ಮನ ಜೊತೆ ಡಾಕ್ಟರ ಬಳಿ ಹೋಗುತ್ತಿದ್ದಾಳೆ. ಅಮ್ಮನಿಗೆ ಹೇಳಿದ್ದು ಅವಳೇ, ಒಂದು ರಾತ್ರಿ ಅಡುಗೆಮನೆಯಲ್ಲಿ, ಅಳುತ್ತ. ಮೊನ್ನೆ ಬೆಳಿಗ್ಗೆ ವಿಜಯನಗರದ ದರ್ಶಿನಿಯೊಂದರಲ್ಲಿ ಅವಳನ್ನು ಕಂಡೆ. ಕೈಯಲ್ಲಿ ಇಡ್ಲಿ ತಟ್ಟೆ, ಸುತ್ತ ನೂಕುನುಗ್ಗಲು.

“ಅಣ್ಣ, ಇನ್ನೊಂದ್ ಸ್ವಲ್ಪ ಚಟ್ನಿ.”

ತಟ್ಟೆಗಳ ಸದ್ದಿನಲ್ಲಿ ಚಟ್ನಿ ಬಡಿಸುವವರಿಗೆ ಕೇಳಿಸಲಿಲ್ಲ. ಅವಳ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ತಟ್ಟೆ ಮುಂದೆ ಚಾಚಿ, ಇನ್ನೂ ಜೋರಾಗಿ, ಎರಡನೇ ಸಲ ಕೇಳಿದಳು.