ಹುಲಿಯ ಒಡಲಿನ ಆರ್ಗನ್, ನಮ್ಮ ಶಾಲೆಯ ಹಾರ್ಮೋನಿಯಂ



ನಮ್ಮ ಸೇಲಂ, ಬಾರಾಮಹಲ್ ಸೀಮೆಗಳು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿದ್ದವು. 1799ರಲ್ಲಿ ಅವನ ಅರಮನೆಯಲ್ಲಿ ಸಿಕ್ಕಿ ಇಂಗ್ಲೆಂಡಿಗೆ ಸಾಗಿಸಲ್ಪಟ್ಟ ಮರದ ಹುಲಿಯನ್ನು ನಾವೆಲ್ಲ ಚಿತ್ರದಲ್ಲಿ ಕಂಡವರೇ. ಅದರ ಒಡಲಲ್ಲಿರುವುದು ಕೊಳವೆಗಳ ಆರ್ಗನ್ ಎಂಬುದನ್ನು ಬಲ್ಲವರು ವಿರಳ. ಹಿಡಿಕೆಯನ್ನು ತಿರುಗಿಸಿದರೆ ತಿದಿಗಳು ಗಾಳಿಯೂದುತ್ತವೆ. ಹುಲಿ ಗುರುಗುಟ್ಟುತ್ತದೆ, ಅದರ ಕೆಳಗೆ ಬಿದ್ದ ಐರೋಪ್ಯ ನರಳುತ್ತ ಕೈಯೆತ್ತುತ್ತಾನೆ. ನುಡಿಸಲು ದಂತದ 18 ಗುಂಡಿಗಳಿವೆ. ಲಂಡನ್ನಿನಲ್ಲಿ ನೋಡಬಂದವರೆಲ್ಲ ತಿರುಗಿಸುತ್ತಿದ್ದ ಆ ಹಿಡಿಕೆ ಕೊನೆಗೆ ಕಾಣೆಯಾಯಿತು! ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ನೂರಾರು ಚೂರಾದ ಹುಲಿಯನ್ನು ತಾಳ್ಮೆಯಿಂದ ಮರುಜೋಡಿಸಿದರು. ಆದರೆ ಹತ್ತೊಂಬತ್ತನೆಯ ಶತಮಾನದ ದುರಸ್ತಿಗಳು ಒಳಗಿನ ಮೂಲ ರಚನೆಯನ್ನೇ ಬದಲಿಸಿಬಿಟ್ಟಿದ್ದವು. ಬಾಂಬು ಒಡೆದದ್ದು ಕೂಡಿತು. ರಿಪೇರಿ ಕೆಡಿಸಿದ್ದು ಮರಳಲಿಲ್ಲ.

ನಮ್ಮ ಪ್ರಾರ್ಥನಾ ಮಂದಿರದ ಹಾರ್ಮೋನಿಯಂ ಕೂಡ ಗಾಳಿಯ ವಾದ್ಯವೇ. ಬೀದಿಯಲ್ಲಿ ತಮಿಳಾಡುವ ಮಕ್ಕಳು ತಲೆಮಾರುಗಳಿಂದ ಕನ್ನಡ ಪ್ರಾರ್ಥನೆಯನ್ನು ಅದರ ಶ್ರುತಿಗೇ ಹಾಡಿದ್ದಾರೆ. ಅದನ್ನು ಮಾರಿ ವಿದ್ಯುತ್ ಕೀಬೋರ್ಡ್ ತರೋಣವೆಂಬ ಸಲಹೆ ಸದುದ್ದೇಶದ್ದು, ನಾವು ಒಪ್ಪಲಾರೆವು. ಹರಿದ ತಿದಿಯನ್ನು ಹೊಸದಾಗಿ ಹೊದಿಸಲಿ. ರೀಡುಗಳನ್ನು ಮಾತ್ರ ಅವಸರದಿಂದ ಅರದಲ್ಲಿ ಉಜ್ಜಕೂಡದು, ಉಜ್ಜಿದ ಹಿತ್ತಾಳೆ ಮತ್ತೆ ಬೆಳೆಯದು. ತೆಗೆದ ಪ್ರತಿ ತುಂಡೂ ಚೀಟಿಯೊಡನೆ ನಮ್ಮ ಕಪಾಟಿಗೆ ಬರಬೇಕು. ಮಾಡಿದ್ದೆಲ್ಲ ದಾಖಲೆ ಪುಸ್ತಕದಲ್ಲಿರಬೇಕು. ಈ ಕೆಲಸವನ್ನು ಬಲ್ಲ ಕುಶಲಿಗಳ ಪರಿಚಯವುಳ್ಳವರು ದಯಮಾಡಿ ಶಾಲಾ ಕಚೇರಿಗೆ ತಿಳಿಸಬೇಕೆಂದು ವಿನಂತಿಸುತ್ತೇವೆ.