ಹುರುಳಿ ಹಾಸಿದ ಹಾದಿ

ಮೋಟಾರುಸೈಕಲ್ಲು ಹತ್ತಿ ಊರು ಸುತ್ತುವುದು ಹುಡುಗರ ಚಾಳಿ ಎನ್ನುವವರುಂಟು. ನಮ್ಮ ನಾಲ್ವರಲ್ಲಿ ಯಾರೂ ಈಗ ಹುಡುಗರಲ್ಲ. ಇಬ್ಬರ ಮೀಸೆ ಪೂರ್ತಿ ನರೆತಿದೆ. ಆದರೂ ಸಂಕ್ರಾಂತಿ ಕಳೆದ ಒಂದು ಭಾನುವಾರ, ಇನ್ನೂ ಕತ್ತಲಿರುವಾಗಲೇ, ಮೂರು ಗಾಡಿಗಳಲ್ಲಿ ತುಮಕೂರು ಬಿಟ್ಟೆವು. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಇಷ್ಟನ್ನೂ ಒಂದೇ ಹಗಲಿನಲ್ಲಿ ಸುತ್ತಿ, ರಾತ್ರಿಯ ಊಟಕ್ಕೆ ಮನೆ ಸೇರಬೇಕೆಂಬುದು ನಮ್ಮ ಲೆಕ್ಕ. ಹೆಚ್ಚುಕಡಿಮೆ ೨೫೦ ಕಿಲೋಮೀಟರಿನ ದಾರಿ.

ನನ್ನದು ಹಳೆಯ ಜಾವಾ ಗಾಡಿ. ಅದನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿತು. ಗಾಡಿ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಹೊರಡುವ ಮುನ್ನ ನಾವು ಒಂದು ಕಟ್ಟಳೆ ಮಾಡಿಕೊಂಡೆವು: ಎಲ್ಲರಿಗಿಂತ ನಿಧಾನವಾಗಿ ಓಡಿಸುವವರು ಮುಂದೆ, ಉಳಿದವರು ಅವರ ಹಿಂದೆ. ನಿಧಾನವೆಂದರೆ ನಮ್ಮ ನಿವೃತ್ತ ಮೇಷ್ಟ್ರು. ಅವರನ್ನು ಯಾರೂ ದಾಟಕೂಡದು.

ಕೊರಟಗೆರೆಯಲ್ಲಿ ಬೆಳಕು ಹರಿಯಿತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಈ ಸೀಮೆಯನ್ನು ಹಾದು, ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯಲ್ಲಿ ಅಂದು ಮರಳೇ ಕಂಡಿತು. ಮಧುಗಿರಿಯ ಬೆಟ್ಟವನ್ನಂತೂ ಎಷ್ಟು ಸಲ ಕಂಡಿದ್ದರೂ ಗಾಡಿ ನಿಲ್ಲಿಸದೆ ಮುಂದೆ ಹೋಗಲಾಗದು. ಊರಿನ ನೆತ್ತಿಯ ಮೇಲೆ ಒಂದೇ ಕಲ್ಲು. ಸಮುದ್ರಮಟ್ಟದಿಂದ ೩,೯೩೦ ಅಡಿ. ಅದರ ಇಳಿಜಾರನ್ನು ಅಪ್ಪಿಕೊಂಡು ಕೋಟೆಯ ಗೋಡೆ, ಬಾಗಿಲಾದ ಮೇಲೆ ಬಾಗಿಲು. ಅದನ್ನು ನೋಡುತ್ತ, ಇಡ್ಲಿ ತಿನ್ನುತ್ತ, ಹರಟುತ್ತ ಒಂದು ಗಂಟೆ ಹೆಚ್ಚಾಗಿಯೇ ಕಳೆದುಹೋಯಿತು.

ಕಳೆದ ಹೊತ್ತನ್ನು ಹಿಡಿಯಬೇಕೆಂಬ ಆತುರ ನನಗೆ. ಮಧುಗಿರಿ ದಾಟಿ ಮಿಡಿಗೇಶಿಯ ಕಡೆ ಹೋಗುವಾಗ ಮೇಷ್ಟ್ರನ್ನು ಹಿಂದೆ ಹಾಕಿದೆ. ನಾನು ಮುಂದಾದದ್ದೇ ತಡ, ಉಳಿದವರೂ ವೇಗ ಏರಿಸಿದರು. ಒಂದು ತಿರುವಿನಾಚೆ ರಸ್ತೆಯ ಅರ್ಧಕ್ಕೆ ಹುರುಳಿಸೊಪ್ಪೆ ಹಾಸಿತ್ತು. ನಾನು ಹೇಗೋ ಪಾರಾದೆ. ಹಿಂದಿನ ಗಾಡಿಯಲ್ಲಿದ್ದ ಗೆಳೆಯರು ಸೊಪ್ಪೆಯ ಮೇಲೆಯೇ ಬ್ರೇಕು ಹಿಡಿದರು. ಗಾಡಿ ಅಡ್ಡಲಾಗಿ ಜಾರಿ, ಇಬ್ಬರೂ ಉರುಳಿದರು.

ಬಲ್ಲವರು ಹೇಳುವ ಮಾತು ಇಷ್ಟೇ. ಒಣಗಿದ ದಂಟು ಚಕ್ರದ ಕೆಳಗೆ ಗುಂಡುಗುಂಡಾಗಿ ಉರುಳುತ್ತದೆ. ಟೈರಿಗೆ ನೆಲದ ಹಿಡಿತ ಸಿಕ್ಕುವುದಿಲ್ಲ. ಆದ್ದರಿಂದ ಅದರ ಮೇಲೆ ಹೋಗುವ ಮೊದಲೇ ವೇಗ ಇಳಿಸಬೇಕು. ಮೇಲೆ ಹೋದಮೇಲೆ ಬ್ರೇಕನ್ನಾಗಲಿ ಹ್ಯಾಂಡಲನ್ನಾಗಲಿ ಥಟ್ಟನೆ ಎಳೆಯಬಾರದು. ಇದು ನಮಗೆ ತಿಳಿಯದ್ದೇನಲ್ಲ. ಆತುರದಲ್ಲಿ ತಿಳಿವಳಿಕೆ ಹಿಂದೆ ಉಳಿಯಿತು.

ಹೆಲ್ಮೆಟ್ಟು ತಲೆ ಕಾಯಿತು. ಒಬ್ಬರ ಮೊಣಕಾಲು ಮಾತ್ರ ತರಚಿ ರಕ್ತ ಬಂದಿತ್ತು. ಎದ್ದವರೇ, ಮೊರ ಹಿಡಿದು ಬದಿಯಲ್ಲಿ ನಿಂತಿದ್ದ ಹೆಂಗಸಿನ ಮೇಲೆ ರೇಗಿದರು: “ರಸ್ತೆ ಇರೋದು ಇದಕ್ಕೇನಮ್ಮ? ಒಕ್ಕಣೆ ಮಾಡೋಕೆ ಕಣ ಇಲ್ವಾ?”

ಆಕೆ ಉತ್ತರ ಕೊಡುವ ಮೊದಲು ಒಂದು ಚೊಂಬು ನೀರು ತಂದಳು. ಗಾಯ ತೊಳೆದುಕೊಳ್ಳುವವರೆಗೂ ಕಾದಳು. ಆಮೇಲೆ ಹೇಳಿದಳು: “ಕಣ ಎಲ್ಲೈತಣ್ಣ? ನೆಲ ನೆನೆಸೋಕೆ ನೀರು ಬೇಕು, ಸಾರಿಸೋಕೆ ಸಗಣಿ ಬೇಕು, ಗುಂಡು ಎಳೆಯೋಕೆ ಎತ್ತು ಬೇಕು. ಎತ್ತು ಮಾರಿ ನಾಕು ವರ್ಷ ಆತು. ನೀವು ಓಡಾಡೋ ಗಾಡಿನೇ ನಮಗೆ ಎತ್ತು. ಆದ್ರೂ ತಿರುವಿನಾಗೆ ಹಾಕಿದ್ದು ನನ್ನ ತಪ್ಪೇ.”

ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳುವ ಮುನ್ನ ಆಕೆ ತನ್ನದನ್ನು ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಮೇಷ್ಟ್ರೂ ಬಂದು ಸೇರಿದರು. ಗೆಳೆಯರ ಮುಂದೆ ನಾನು ತಲೆ ತಗ್ಗಿಸಿದೆ. ನಾಲ್ವರೂ ಸೇರಿ ಸೊಪ್ಪೆಯನ್ನು ತಿರುವಿನಿಂದಾಚೆಗೆ, ದೂರದಿಂದಲೇ ಕಾಣುವ ನೇರ ಜಾಗಕ್ಕೆ ಎಳೆದು ಹಾಕಿದೆವು. ಅಲ್ಲಿಂದ ಮುಂದೆ ಮೇಷ್ಟ್ರೇ ಮುಂದೆ.

ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರದ ನೆಲ. ಅಲ್ಲಿನ ತಿರುಮಣಿಯ ಸುತ್ತ ಕಣ್ಣು ಹಾಯುವವರೆಗೂ ಸೌರಫಲಕಗಳು. ಸುಮಾರು ೧೩,೦೦೦ ಎಕರೆ. ೨೦೧೯ರ ಕೊನೆಗೆ ಪೂರ್ಣಗೊಂಡಾಗ ಅದರ ಸಾಮರ್ಥ್ಯ ೨,೦೫೦ ಮೆಗಾವಾಟ್. ರೈತರು ಜಮೀನನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದ ದರ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಮಳೆಯನ್ನು ನಂಬಿ ಸೋತವರಿಗೆ ಅದೊಂದು ಆಸರೆ. ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಗುತ್ತಿಗೆಯ ಹಣವಿಲ್ಲ. ಹುರುಳಿ ಒಣಗಿಸುವ ಬಿಸಿಲೇ ಇಲ್ಲಿ ಬೆಳೆಯಾಗಿದೆ. ಆ ಬೆಳೆಗೆ ಕಣ ಬೇಡ, ಒಕ್ಕುವ ಕೈಯೂ ಬೇಡ.

ಶಿರಾ ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಬಿಜಾಪುರದ ಕಾಲದ ಮಲಿಕ್ ರೆಹಾನನ ಗೋರಿ, ೧೬೯೬ರ ಜುಮ್ಮಾ ಮಸೀದಿ ಎರಡನ್ನೂ ನೋಡಿದೆವು. ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದ ಊರು ಇದು. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿನ ತೋಟವೇ ಮಾದರಿಯಾಯಿತು. ಹೊಸ ಊರುಗಳು ಹಳೆಯ ಊರುಗಳಿಂದ ಎಷ್ಟೋ ಪಡೆದಿರುತ್ತವೆ, ಪಡೆದದ್ದನ್ನು ಮರೆತಿರುತ್ತವೆ.

ಶಿರಾದಿಂದ ತುಮಕೂರಿಗೆ ಹೆದ್ದಾರಿ. ಅಗಲವಾದ, ನುಣುಪಾದ ರಸ್ತೆ, ಎಲ್ಲಿಯೂ ಸೊಪ್ಪೆಯಿಲ್ಲ. ಆದರೆ ಬಿದ್ದವನಿಗೆ ಚೊಂಬು ನೀರು ತರುವವರು ಅಲ್ಲಿ ಎಷ್ಟು ಮಂದಿ ಎಂದು ಮೇಷ್ಟ್ರು ಕೇಳಿದರು. ನಾವು ಉತ್ತರ ಹೇಳಲಿಲ್ಲ.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿಯೆಂದು ನಾನು ವಾದಿಸುವುದಿಲ್ಲ. ಅದರಿಂದ ಕೈಕಾಲು ಮುರಿದುಕೊಂಡವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಊರಿಗೊಂದು ಸಿಮೆಂಟಿನ ಕಣವಾದರೆ ಆ ತಾಯಿಯೂ ಬದುಕುತ್ತಾಳೆ, ಸವಾರನೂ ಬದುಕುತ್ತಾನೆ. ಅಲ್ಲಿಯವರೆಗೆ ಸುಗ್ಗಿಯ ದಿನಗಳಲ್ಲಿ ಆ ಹಾದಿ ಹಿಡಿಯುವವರಿಗೆ ನನ್ನದೊಂದು ಬಿನ್ನಹ: ತಿರುವಿಗೆ ಮೊದಲೇ ವೇಗ ಇಳಿಸಿ. ಜೊತೆಗೆ ಗೆಳೆಯರಿದ್ದರೆ, ನಿಧಾನಸ್ಥರನ್ನು ಮುಂದೆ ಬಿಡಿ. ಊಟಕ್ಕೆ ನಾವು ಅಂದು ಒಂದು ಗಂಟೆ ತಡವಾಗಿ ಮನೆ ಸೇರಿದೆವು, ನಾಲ್ವರೂ ಸೇರಿದೆವು.